ಸಂಖ್ಯಾಸಂಕೇತದಿಂದ ಅಕ್ಷರಕ್ಕೆ: ಗಣಕೀಕೃತ ಸೂಚಿಗಳಲ್ಲಿ ಕನ್ನಡದ ಹೆಸರುಗಳು

ರಾಯಚೂರು ಜಿಲ್ಲೆಯ ಮಸ್ಕಿ ಸಮೀಪದ ಸಂತೆಕಲ್ಲೂರು ಎಂಬ ಊರಿನ ಹೆಸರು ಓದುಗನ ಕಣ್ಣಿಗೆ ಐದು ಅಕ್ಷರಗಳದು. ಯೂನಿಕೋಡ್ ಪದ್ಧತಿಯಲ್ಲಿ ಸ್ವರಚಿಹ್ನೆ, ಅನುಸ್ವಾರ, ಹಲಂತಗಳು ಪ್ರತ್ಯೇಕವಾಗಿ ಎಣಿಕೆಯಾಗುವುದರಿಂದ ಅದೇ ಹೆಸರು ಹನ್ನೊಂದು ಘಟಕಗಳಾಗುತ್ತದೆ. ಜಾಲಪುಟಗಳ ಎಚ್‌ಟಿಎಂಎಲ್ ಭಾಷೆಯಲ್ಲಿ ಇವನ್ನು ಸಂಖ್ಯೆಗಳಿಂದಲೂ ಸೂಚಿಸಬಹುದು: ಸಕಾರಕ್ಕೆ &#3256;, ಅನುಸ್ವಾರಕ್ಕೆ &#3202;, ತಕಾರಕ್ಕೆ &#3236;. ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು 3200ರಿಂದ 3327ರವರೆಗಿನವು. ಒಂದೊಂದು ಸಂಕೇತಕ್ಕೂ ಏಳು ಚಿಹ್ನೆಗಳು ಬೇಕಾಗಿ, ಊರಿನ ಹೆಸರು 77 ಚಿಹ್ನೆಗಳಿಗೆ ಬೆಳೆಯುತ್ತದೆ.

ಇಂತಹ ಸಂಕೇತಗಳನ್ನು ಯಾರೂ ಕೈಯಾರೆ ಬರೆದಿರಬೇಕಾಗಿಲ್ಲ. ಪುಟವು ಲ್ಯಾಟಿನ್ ಸಂಕೇತಪದ್ಧತಿಯಲ್ಲಿದ್ದರೆ, ಅದರ ನಮೂನೆಯಲ್ಲಿ ಕನ್ನಡವನ್ನು ತುಂಬಿ ಕಳುಹಿಸಿದಾಗ ಬ್ರೌಸರ್ ತಾನೇ ಅಕ್ಷರಗಳನ್ನು ಸಂಖ್ಯೆಗಳಾಗಿ ಮಾರ್ಪಡಿಸುತ್ತದೆ. ಹೀಗೆ ತುಂಬಿದ ಗ್ರಂಥಸೂಚಿ ಪರದೆಯ ಮೇಲೆ ಶುದ್ಧ ಕನ್ನಡವಾಗಿಯೇ ಕಾಣುವುದರಿಂದ ದೋಷವು ಬಹುಕಾಲ ಅರಿವಿಗೆ ಬಾರದು. ‘ಸಂತೆಕಲ್ಲೂರು’ ಎಂದು ಹುಡುಕಿದ ಸಂಶೋಧಕನಿಗೆ ದಾಖಲೆ ದೊರೆಯದು. 3250 ಎಂದು ಹುಡುಕಿದವನಿಗೆ ದೊರೆತೀತು, ಏಕೆಂದರೆ ಅದು ಲಕಾರದ ಸಂಖ್ಯೆ! ದತ್ತಸಂಚಯದ ಅಂಕಣಕ್ಕೆ 50 ಚಿಹ್ನೆಗಳ ಮಿತಿಯಿದ್ದು, ಮಿಕ್ಕದ್ದನ್ನು ಅದು ಮೌನವಾಗಿ ಕತ್ತರಿಸುವುದಾದರೆ ಹಾನಿ ಇನ್ನೂ ಹೆಚ್ಚು. ಏಳು ಸಂಕೇತಗಳು ಪೂರ್ಣವಾಗಿ ಉಳಿದು, ಹೆಸರು ‘ಸಂತೆಕಲ್&’ ಎಂದು ಮೊಟಕಾಗುತ್ತದೆ. ಕಳೆದುಹೋದ ಭಾಗವನ್ನು ಯಾವ ವಿಸಂಕೇತನವೂ ಮರಳಿ ತಾರದು.

ಪಿಎಚ್‌ಪಿ ಭಾಷೆಯಲ್ಲಿ ಸಂಕೇತಗಳನ್ನು ಅಕ್ಷರಗಳಾಗಿಸಲು ‘ಎಚ್‌ಟಿಎಂಎಲ್ ಎಂಟಿಟಿ ಡೀಕೋಡ್’ ಎಂಬ ಸಿದ್ಧ ಕಾರ್ಯವಿದೆ. ಆಯ್ದ ಸಂಕೇತಪದ್ಧತಿಯಲ್ಲಿ ಇಲ್ಲದ ಅಕ್ಷರವನ್ನು ಅದು ಮುಟ್ಟದೆ ಬಿಡುತ್ತದೆ. 2012ರಲ್ಲಿ ಬಂದ 5.4ನೆಯ ಆವೃತ್ತಿಗೆ ಮುನ್ನ, ಬೇರೇನನ್ನೂ ಸೂಚಿಸದಿದ್ದರೆ ಲ್ಯಾಟಿನ್ ಪದ್ಧತಿಯೇ ಗೃಹೀತವಾಗುತ್ತಿತ್ತು. ಆದಕಾರಣ ಕನ್ನಡದ ಸಂಖ್ಯೆಗಳು ಇದ್ದಂತೆಯೇ ಹಿಂದಿರುಗುತ್ತಿದ್ದವು. ಆ ಆವೃತ್ತಿಯಿಂದ ಯುಟಿಎಫ್-8 ಗೃಹೀತವಾಯಿತು. ಹಳೆಯ ಕಾರ್ಯಕ್ರಮಗಳಲ್ಲಿ ಪದ್ಧತಿಯನ್ನು ಹೆಸರಿಸಿ ಹೇಳುವುದೇ ಕ್ಷೇಮ.

ಎಷ್ಟು ಬಾರಿ ಬಿಡಿಸಬೇಕೆಂಬುದು ಸೂಕ್ಷ್ಮವಾದ ವಿಚಾರ. ಮೊದಲಿನ & ಚಿಹ್ನೆಯೇ ಮತ್ತೊಮ್ಮೆ ಸಂಕೇತವಾಗಿ &#38;#3256; ಎಂದಾಗಿದ್ದರೆ ಎರಡು ಬಾರಿ ಬಿಡಿಸಬೇಕಾಗುತ್ತದೆ. ಆದರೆ ಏನೂ ಉಳಿಯದಂತೆ ಬಿಡಿಸುತ್ತ ಹೋಗುವ ಕ್ರಮ ಸಲ್ಲದು: ಸಂಕೇತಗಳನ್ನೇ ಉದಾಹರಿಸುವ ಬರಹವು ಅದರಿಂದ ಕೆಡುತ್ತದೆ. ಬಿಡಿಸಿದ ಪಠ್ಯವನ್ನು ಪುಟದಲ್ಲಿ ತೋರಿಸುವಾಗ < ಮೊದಲಾದ ಚಿಹ್ನೆಗಳನ್ನು ಪುನಃ ಸಂಕೇತಗೊಳಿಸದಿದ್ದರೆ ಅನ್ಯರ ಆದೇಶಗಳು ಪುಟದೊಳಗೆ ನುಸುಳಲು ಎಡೆಯಾಗುತ್ತದೆ.

&#8204; ಎಂಬ ಸಂಕೇತ ಬಿಡಿಸಿದ ಮೇಲೆ ಕಣ್ಣಿಗೆ ಕಾಣದು. ಅದನ್ನು ಕಸವೆಂದು ತೆಗೆದರೆ ‘ರಾಜ್‌ಕುಮಾರ್’ ಎಂಬ ಹೆಸರು ‘ರಾಜ್ಕುಮಾರ್’ ಎಂದಾಗುತ್ತದೆ.