ಕೂಸು ನೋಡುವ ಮನೆಯ ಲೆಕ್ಕ: ಕರವಿನಾಯಿತಿ ಹಾಗೂ ದಾಖಲೆಯ ವಿಚಾರ

ಕರ ಮತ್ತು ದಾಖಲೆಗಳ ನಂಟು ಧಾರವಾಡ ಸೀಮೆಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ‘ಸರ್ವನಮಸ್ಯ’ವೆಂಬ ಮಾತು ಮೇಲಿಂದ ಮೇಲೆ ಬರುತ್ತದೆ, ಕೊಟ್ಟ ಭೂಮಿಯು ಎಲ್ಲ ತೆರಿಗೆಗಳಿಂದ ಮುಕ್ತವೆಂದು ಅದರ ತಾತ್ಪರ್ಯ. ಆ ಮುಕ್ತಿಯನ್ನು ಕಲ್ಲಿನಲ್ಲಿ ಕಂಡರಿಸಿದ್ದು ಪುಣ್ಯದ ಪ್ರಚಾರಕ್ಕಾಗಿ ಮಾತ್ರವಲ್ಲ, ಮುಂದೆ ಬರುವ ಅಧಿಕಾರಿಯು ಅದನ್ನು ಅಲ್ಲಗಳೆಯಬಾರದೆಂದು. ಇದರ ಮಹತ್ವವು 19ನೆಯ ಶತಮಾನದಲ್ಲಿ ಕಹಿಯಾದ ರೀತಿಯಲ್ಲಿ ಅನುಭವಕ್ಕೆ ಬಂದಿತು. ಪೇಶ್ವೆಯರ ಆಳಿಕೆ ಮುಗಿದು ಈ ಪ್ರಾಂತವು ಕಂಪನಿಯ ವಶವಾದ ಮೇಲೆ ಇನಾಮು ಭೂಮಿಗಳ ವಿಚಾರಣೆ ನಡೆಯಿತು. 1852ರ 11ನೆಯ ಕಾನೂನು ಅದಕ್ಕೆ ಬಲವನ್ನು ಕೊಟ್ಟಿತು. ಸನದನ್ನಾಗಲಿ, ಹಿಂದಿನ ಸರಕಾರದ ದಫ್ತರಿನ ನಮೂದನ್ನಾಗಲಿ ತೋರಿಸಬಲ್ಲವರ ವಿನಾಯಿತಿ ಉಳಿಯಿತು. ತೋರಿಸಲಾರದ ಅನೇಕರ ಹಕ್ಕು, ತಲೆಮಾರುಗಳ ಅನುಭೋಗವಿದ್ದರೂ, ದುರ್ಬಲವಾಯಿತು.

ಈ ಹಳೆಯ ಪಾಠವನ್ನು ಇಲ್ಲಿ ಸ್ಮರಿಸುವುದಕ್ಕೆ ಕಾರಣವುಂಟು. ನಮ್ಮ ಗ್ರಾಮಗಳಲ್ಲಿ ಬರವಣಿಗೆಯ ಆಧಾರವಿಲ್ಲದೆ ನಡೆಯುತ್ತಿರುವ ಒಂದು ಕಾಯಕವಿದೆ. ಅದು ಪರರ ಕೂಸುಗಳನ್ನು ತನ್ನ ಮನೆಯಲ್ಲಿ ನೋಡಿಕೊಳ್ಳುವ ಹೆಂಗಸಿನ ಕಾಯಕ. ಅವಳ ಗಳಿಕೆಗೆ ಕರ ಬೀಳುವುದೆ, ಖರ್ಚಿಗೆ ವಜಾ ದೊರೆಯುವುದೆ, ಅದಕ್ಕೆ ಯಾವ ಲೆಕ್ಕವಿಡಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಎರೆನೆಲದಲ್ಲಿ ಹತ್ತಿ ಹಾಗೂ ಮೆಣಸಿನಕಾಯಿ ಬಿಡಿಸುವ ಸುಗ್ಗಿ ಬಂದಿತೆಂದರೆ ತಾಯಂದಿರು ನಸುಕಿನಲ್ಲಿಯೇ ಹೊಲಕ್ಕೆ ಹೊರಡುತ್ತಾರೆ. ಮಲೆನಾಡಿನ ಸೆರಗಿನ ಕಲಘಟಗಿಯಲ್ಲಿ ಭತ್ತದ ನಾಟಿಯ ಕಾಲಕ್ಕೂ ಇದೇ ಪರಿಸ್ಥಿತಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಫಲವಾಗಿ ಅಂಗನವಾಡಿಗಳು ಊರೂರಿಗೆ ಬಂದವು. 2023-24ರ ರಾಜ್ಯ ಮುಂಗಡಪತ್ರದಲ್ಲಿ 4,000 ಗ್ರಾಮ ಪಂಚಾಯತಿಗಳಿಗೆ ‘ಕೂಸಿನ ಮನೆ’ಗಳು ಘೋಷಿತವಾದವು. ಇಷ್ಟಾದರೂ ಹೊತ್ತಿಗೆ ಮುಂಚೆ ಹೋಗಿ ಹೊತ್ತು ಮುಳುಗಿದ ಮೇಲೆ ಬರುವ ತಾಯಿಗೆ ಓಣಿಯ ಅಜ್ಜಿಯ ಅಥವಾ ಅಕ್ಕನ ಪಡಸಾಲೆಯೇ ಆಧಾರವಾಗುವುದುಂಟು. ಪ್ರತಿಫಲವು ಕೆಲವೊಮ್ಮೆ ರೊಕ್ಕ, ಕೆಲವೊಮ್ಮೆ ಸುಗ್ಗಿಯಲ್ಲಿ ಅಳೆದು ಕೊಡುವ ಕಾಳು.

ಮೊದಲು ಆದಾಯವನ್ನು ವಿಚಾರಿಸೋಣ. ರೊಕ್ಕವು ಆದಾಯವೆಂಬುದು ಸ್ಪಷ್ಟ. ಕಾಳಿನ ವಿಷಯದಲ್ಲಿ ಮಾತ್ರ ತಪ್ಪು ತಿಳುವಳಿಕೆಗೆ ಅವಕಾಶವಿದೆ. ಕೃಷಿಯ ಆದಾಯಕ್ಕೆ ಕೇಂದ್ರ ಆದಾಯಕರವಿಲ್ಲವೆಂಬುದು ನಿಜ. ಆದರೆ ಆ ವಿನಾಯಿತಿಯು ಬೆಳೆದವನಿಗೆ ಸಲ್ಲುವುದೇ ಹೊರತು ಸೇವೆಗೆ ಪ್ರತಿಯಾಗಿ ಕಾಳನ್ನು ಪಡೆದವಳಿಗೆ ಸಲ್ಲದು. ಅವಳ ಪಾಲಿಗೆ ಒಂದು ಚೀಲ ಜೋಳವು ಅಂದಿನ ಪೇಟೆಯ ಧಾರಣೆಯಷ್ಟು ಬೆಲೆಯ ಆದಾಯವೇ ಸರಿ.

ಇನ್ನು ವಜಾ. ಕೂಸುಗಳ ಪಾಲನೆಗೆಂದೇ ಪ್ರತ್ಯೇಕವಾದ ವಜಾ ನಮ್ಮ ಆದಾಯಕರ ಕಾನೂನಿನಲ್ಲಿಲ್ಲ. ಯಾವ ಉದ್ಯೋಗಕ್ಕಾದರೂ ಅನ್ವಯಿಸುವ ಸಾಮಾನ್ಯ ತತ್ತ್ವವೇ ಇಲ್ಲಿಯೂ ಅನ್ವಯಿಸುತ್ತದೆ. ಉದ್ಯೋಗಕ್ಕಾಗಿಯೇ ಪೂರ್ತಿಯಾಗಿ ಮಾಡಿದ ಖರ್ಚನ್ನು ಕಳೆಯಬಹುದು, ಮನೆವಾರ್ತೆಯ ಖರ್ಚನ್ನು ಕಳೆಯಲಾಗದು. ಕೂಸುಗಳ ಹಾಲು, ಚಾಪೆ, ಆಟಿಕೆಗಳು ಮೊದಲ ಬಗೆಯವು. ಮನೆಮಂದಿಯ ಹಾಲು ಎರಡನೆಯ ಬಗೆಯದು. ಒಂದೇ ಮನೆಯು ವಾಸಕ್ಕೂ ಉದ್ಯೋಗಕ್ಕೂ ಬಳಕೆಯಾದಲ್ಲಿ ಬಳಕೆಯ ಪ್ರಮಾಣದಷ್ಟೇ ವಜಾ. ತಿಂಗಳಿಗೆ 3,000 ರೂಪಾಯಿ ಬಾಡಿಗೆಯ ಮನೆಯ ನಾಲ್ಕನೆಯ ಒಂದು ಭಾಗವನ್ನು ಕೂಸುಗಳಿಗಾಗಿಯೇ ಮೀಸಲಿಟ್ಟರೆ, ವರ್ಷದ 36,000 ರೂಪಾಯಿಗಳಲ್ಲಿ 9,000ವನ್ನು ಕೇಳಬಹುದು. ಸ್ವಂತ ಮನೆಯಾದರೆ ತನಗೆ ತಾನೇ ಬಾಡಿಗೆ ಕೊಟ್ಟಂತೆ ಬರೆದುಕೊಳ್ಳುವಂತಿಲ್ಲ. ದುರಸ್ತಿ ಮೊದಲಾದ ನಿಜವಾದ ಖರ್ಚಿನ ಪಾಲನ್ನು ಮಾತ್ರ ತೋರಿಸಬೇಕು.

ಇಷ್ಟು ತೊಡಕು ಬೇಡವೆನ್ನುವ ಸಣ್ಣ ಉದ್ಯೋಗಿಗಳಿಗೆ ಕಾನೂನು ಅಂದಾಜಿನ ಮಾರ್ಗವೊಂದನ್ನು ತೆರೆದಿದೆ. ಬ್ಯಾಂಕಿನ ಅಥವಾ ಫೋನಿನ ಮೂಲಕ ಬಂದ ಜಮೆಯಲ್ಲಿ ನೂರಕ್ಕೆ 6ರಷ್ಟನ್ನು, ಉಳಿದುದರಲ್ಲಿ ನೂರಕ್ಕೆ 8ರಷ್ಟನ್ನು ಲಾಭವೆಂದು ತೋರಿಸಬಹುದು. ವರ್ಷಕ್ಕೆ 1,20,000 ರೂಪಾಯಿ ಬಂದಿದ್ದು, ಅದರಲ್ಲಿ 80,000 ಫೋನಿನ ಮೂಲಕ, 40,000 ನಗದಾಗಿ ಬಂದಿದ್ದರೆ, ಲಾಭವು ಅನುಕ್ರಮವಾಗಿ 4,800 ಮತ್ತು 3,200, ಒಟ್ಟು 8,000 ರೂಪಾಯಿ. ಈ ಮಾರ್ಗವನ್ನು ಹಿಡಿದವರು ಹಾಲು, ಬಾಡಿಗೆಗಳ ವಜಾವನ್ನು ಮತ್ತೆ ಕೇಳಲಾಗದು. ಈ ತತ್ತ್ವಗಳು 1961ರ ಕಾನೂನಿನಲ್ಲಿ ನೆಲೆಗೊಂಡವು. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಆದ 2025ರ ಕಾನೂನು ಕಲಮುಗಳ ಸಂಖ್ಯೆಯನ್ನು ಬದಲಿಸಿತೇ ಹೊರತು ಇವುಗಳನ್ನು ಕೈಬಿಡಲಿಲ್ಲ.

2025-26ರ ಸಾಲಿಗೆ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿಗಳವರೆಗಿನ ಸಾಮಾನ್ಯ ಆದಾಯಕ್ಕೆ, ರಿಯಾಯಿತಿಯ ಕಾರಣ, ಕರವೇ ಬೀಳದು. ಹೀಗಿರಲು ನಮ್ಮ ಹಳ್ಳಿಯ ಹೆಂಗಸಿಗೆ ಲೆಕ್ಕವೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಲೆಕ್ಕವು ಕರಕ್ಕಾಗಿ ಮಾತ್ರ ಇರುವುದಲ್ಲವೆಂಬುದೇ ಅದಕ್ಕೆ ಉತ್ತರ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ಕೇಳುವುದು ದುಡಿಮೆಯ ಸಾಕ್ಷ್ಯವನ್ನು. ಬಾಕಿಯ ತಕರಾರು ಬಂದಾಗ ಹಿರಿಯರು ಕೇಳುವುದೂ ಅದನ್ನೇ. ಹತ್ತು ವರ್ಷ ಕೂಸುಗಳನ್ನು ಸಾಕಿದವಳ ಬಳಿ ಒಂದು ಹಾಳೆಯೂ ಇಲ್ಲವಾದರೆ ಅವಳು ಕಾಗದದ ಮಟ್ಟಿಗೆ ಏನನ್ನೂ ದುಡಿಯದವಳು.

ಇಡಬೇಕಾದ ದಾಖಲೆಗಳು ಹೆಚ್ಚಿನವಲ್ಲ. ಮೊದಲನೆಯದು ಹಾಜರಿ ಪುಸ್ತಕ: ಕೂಸಿನ ಹೆಸರು, ಬಂದ ಹೊತ್ತು, ಹೋದ ಹೊತ್ತು. ಎರಡನೆಯದು ಕಿರ್ದಿ: ನಮ್ಮ ಭಾಗದ ಅಂಗಡಿಕಾರರು ದಿನದಿನದ ಜಮಾ-ಖರ್ಚು ಬರೆಯುವ ವಹಿಯಂತಹುದೇ. ಕಾಳು ಬಂದ ದಿನ ಅದರ ಅಳತೆಯನ್ನೂ ಪೇಟೆಯ ಧಾರಣೆಯನ್ನೂ ಅದರಲ್ಲಿ ನಮೂದಿಸಬೇಕು. ಮೂರನೆಯದು ಪಾವತಿಗಳು: ಕೊಂಡುದಕ್ಕೆ ಪಡೆದವು, ಪಡೆದ ರೊಕ್ಕಕ್ಕೆ ಕೊಟ್ಟವುಗಳ ನಕಲು. ನಾಲ್ಕನೆಯದು ಮನೆಯ ಯಾವ ಭಾಗ, ಎಷ್ಟು ಅಳತೆ, ಕೂಸುಗಳಿಗೆ ಬಳಕೆಯಾಗುತ್ತಿದೆ ಎಂಬ ಒಂದು ಪುಟದ ಟಿಪ್ಪಣಿ. ಅಂದಂದಿನ ಬರಹಕ್ಕಿರುವ ಬೆಲೆ ವರ್ಷದ ಕೊನೆಗೆ ನೆನಪಿನಿಂದ ಬರೆದುದಕ್ಕೆ ಇಲ್ಲ. ಸಮಕಾಲೀನ ಆಧಾರವನ್ನೇ ಇತಿಹಾಸಕಾರರು ಮೇಲೆಂದು ಎಣಿಸುವುದೂ ಇದೇ ಕಾರಣದಿಂದ.

ಇಲ್ಲಿ ಒಂದು ಭಯವನ್ನು ಕಾಣದೆ ಮುಂದುವರಿಯುವುದು ಅಪ್ರಾಮಾಣಿಕವಾದೀತು. 2023ರ ಆಗಸ್ಟ್ 30ರಂದು ಪ್ರಾರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಗಳ ಸಹಾಯವನ್ನು ಗೊತ್ತುಮಾಡಲಾಯಿತು. ಅವಳಾಗಲಿ ಗಂಡನಾಗಲಿ ಆದಾಯಕರ ಕೊಡುವವರಾದರೆ ಅರ್ಹತೆಯಿಲ್ಲವೆಂಬುದು ಅದರ ನಿಯಮ. ಇದರಿಂದ, ‘ಬರೆದಿಟ್ಟರೆ ಬರುವುದೂ ತಪ್ಪೀತು’ ಎಂಬ ಅಂಜಿಕೆ ಹುಟ್ಟುವುದು ಸಹಜ. ಆದರೆ ವಹಿಯಲ್ಲಿ ಬರೆದ ಮಾತ್ರಕ್ಕೆ ಯಾರೂ ಕರದಾತರಾಗುವುದಿಲ್ಲ. ಕರವು ಆದಾಯದ ಪ್ರಮಾಣದಿಂದ ಬರುವುದು, ಬರವಣಿಗೆಯಿಂದಲ್ಲ. ತನ್ನ ಆದಾಯವು ಮಿತಿಯೊಳಗಿದೆಯೆಂದು ತೋರಿಸಲು ಅವಳ ಕೈಯಲ್ಲಿರುವ ಸಾಧನವೂ ಆ ವಹಿಯೇ. ಆದಾಯಕರದ ರಿಟರ್ನ್ ಸಲ್ಲಿಸುವುದು ಬೇರೆಯ ಮಾತು. ಅದಕ್ಕೆ ಮುಂಚೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಇನಾಮುದಾರರು ಸನದುಗಳನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟುಕೊಂಡರು. ಹೊಲದ ಉತಾರವನ್ನು ರೈತನು ಇಂದಿಗೂ ಜೋಪಾನವಾಗಿ ಕಾಯುತ್ತಾನೆ. ಕೂಸು ನೋಡುವ ಹೆಂಗಸಿಗೆ ಸನದು ಕೊಡುವ ಅರಸನಿಲ್ಲ, ಉತಾರ ಕೊಡುವ ಚಾವಡಿಯಿಲ್ಲ. ತನ್ನ ದುಡಿಮೆಯ ದಾಖಲೆಯನ್ನು ಅವಳೇ ಹುಟ್ಟಿಸಬೇಕಾಗಿದೆ. ಅಕ್ಷರ ಬಾರದವಳಿದ್ದರೆ ಶಾಲೆಗೆ ಹೋಗುವ ಮಗಳೋ ಮೊಮ್ಮಗನೋ ಸಂಜೆಗೆ ನಾಲ್ಕು ಸಾಲು ಬರೆದುಕೊಡಬಹುದು. ಆ ನಾಲ್ಕು ಸಾಲುಗಳು ಇಂದು ಅವಳ ಹಕ್ಕಿಗೆ ಆಧಾರ. ಮುಂದೆ ಈ ಸೀಮೆಯ ಹೆಂಗಸರ ದುಡಿಮೆಯ ಇತಿಹಾಸವನ್ನು ಬರೆಯುವವರಿಗೂ ಅವೇ ಆಧಾರವಾದಾವು.