ಟೀಚರ್ ಆ ಗುಟ್ಟು ಯಾಕೆ ಇಟ್ಟುಕೊಳ್ಳಲಿಲ್ಲ?



ಬೇರೆ ಊರಿನ ಒಂದು ಮಗು ರಜೆಯಲ್ಲಿ ನನಗೆ ಒಂದು ಮಾತು ಹೇಳಿತು. ಗೊತ್ತಿರುವ ದೊಡ್ಡವರೊಬ್ಬರು ಅದನ್ನು ಕೆಟ್ಟದಾಗಿ ಮುಟ್ಟುತ್ತಾರಂತೆ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿತು. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊನೆಗೆ ನಮ್ಮ ಟೀಚರ್‌ಗೆ ಹೇಳಿ, “ನೀವೂ ಯಾರಿಗೂ ಹೇಳ್ಬೇಡಿ ಟೀಚರ್” ಅಂದೆ. ಅವರು, “ಇದನ್ನು ಮಾತ್ರ ಗುಟ್ಟಾಗಿ ಇಟ್ಕೊಳ್ಳೋಕೆ ಆಗಲ್ಲಮ್ಮ” ಅಂದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಆಗ ಅವರು ಒಂದು ಕಾಯ್ದೆಯ ವಿಷಯ ತಿಳಿಸಿದರು. ಅದನ್ನೇ ಇಲ್ಲಿ ಬರೆದಿದ್ದೇನೆ.

ಅದರ ಹೆಸರು ಪೋಕ್ಸೋ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ. 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ ಜಾರಿಗೆ ಬಂತು. 18 ವರ್ಷ ತುಂಬದ ಹುಡುಗರಿಗೂ ಹುಡುಗಿಯರಿಗೂ ಇದು ಅನ್ವಯಿಸುತ್ತದೆ.

ಇಂಥದ್ದು ನಡೆದಿದೆ ಎಂದು ಗೊತ್ತಾದರೆ, ನಡೆಯಬಹುದು ಎಂಬ ಅನುಮಾನ ಬಂದರೂ ಸಹ, ಪೊಲೀಸರಿಗೆ ತಿಳಿಸಲೇಬೇಕು. ಟೀಚರ್, ಹೆಡ್‌ಮಾಸ್ತರು, ಬಿಸಿಯೂಟದ ಅಡುಗೆಯವರು, ಎಲ್ಲರೂ. ನಿಜವೋ ಸುಳ್ಳೋ ಎಂದು ಪತ್ತೆ ಮಾಡುವುದು ಪೊಲೀಸರ ಕೆಲಸ, ಟೀಚರ್ ಕೆಲಸ ಅಲ್ಲ. ತಿಳಿಸದೆ ಸುಮ್ಮನಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು. ತಪ್ಪು ಮಾಡಿದವರು ಶಾಲೆಯ ಸಿಬ್ಬಂದಿಯೇ ಆಗಿದ್ದು, ಶಾಲೆಯ ಮುಖ್ಯಸ್ಥರು ಅದನ್ನು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು, ಜೊತೆಗೆ ದಂಡ. ‘ಮರ್ಯಾದೆ ಹೋಗುತ್ತೆ, ಊರಲ್ಲೇ ಪಂಚಾಯ್ತಿ ಮಾಡಿ ಮುಗಿಸೋಣ’ ಅನ್ನುವ ಹಾಗಿಲ್ಲ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ನಾವು ಮಕ್ಕಳು ತಿಳಿಸದೆ ಇದ್ದರೆ ನಮಗೆ ಶಿಕ್ಷೆ ಇಲ್ಲ.

ಪೊಲೀಸ್ ಅಂದ ಕೂಡಲೇ ನನಗೆ ಜೀಪು, ಲಾಠಿ ನೆನಪಾಗಿ ಭಯವಾಯಿತು. ಆದರೆ ಮಗುವಿನ ಹೇಳಿಕೆ ಬರೆದುಕೊಳ್ಳುವಾಗ ಪೊಲೀಸರು ಯೂನಿಫಾರಂ ಹಾಕಿರಬಾರದು. ಮಗುವಿನ ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ ಮಾತಾಡಿಸಬೇಕು. ಆದಷ್ಟೂ ಮಹಿಳಾ ಪೊಲೀಸರೇ ಮಾತಾಡಿಸಬೇಕು. ರಾತ್ರಿ ಹೊತ್ತು ಮಗುವನ್ನು ಸ್ಟೇಷನ್ನಿನಲ್ಲಿ ಇರಿಸಿಕೊಳ್ಳುವಂತಿಲ್ಲ. ಪೇಪರಿನಲ್ಲಿ ಅದರ ಹೆಸರು, ಫೋಟೋ, ಮನೆ, ಶಾಲೆ ಯಾವುದೂ ಬರಬಾರದು. ಅದಕ್ಕೇ ನಾನೂ ಇಲ್ಲಿ ಬರೆದಿಲ್ಲ. ಯಾರು ಅಂತ ನನ್ನನ್ನು ಕೇಳಬೇಡಿ.

ಟೀಚರ್ ಪೊಲೀಸರಿಗೆ ತಿಳಿಸಿದರು. ಆ ಮಗು ಈಗ ಮೊದಲಿನ ಹಾಗೆ ಶಾಲೆಗೆ ಹೋಗುತ್ತಿದೆ. ಆಣೆ ಮುರಿದೆನಲ್ಲ ಎಂದು ನಾನು ಅತ್ತಾಗ ಟೀಚರ್, “ಆಣೆಗಿಂತ ಮಗು ದೊಡ್ಡದು” ಅಂದರು.

ಗೆಳೆಯರೇ, ನಿಮಗೂ ಇಂಥ ಗುಟ್ಟು ಗೊತ್ತಿದ್ದರೆ ಟೀಚರ್‌ಗೆ ಹೇಳಿ. ಒಬ್ಬರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಇಲ್ಲವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೇಕಿಲ್ಲ.

– 7ನೇ ತರಗತಿಯ ವಿದ್ಯಾರ್ಥಿನಿ