ಯಂತ್ರಹಸ್ತವೂ ವೈದ್ಯಹಸ್ತವೂ

ಮನೆಯ ಹಿರಿಯರಿಗೆ ಪ್ರಾಸ್ಟೇಟ್ ಗ್ರಂಥಿಯ ಅರ್ಬುದ, ಎಂದರೆ ಕ್ಯಾನ್ಸರ್, ತಗಲಿದೆಯೆಂದು ತಿಳಿದೊಡನೆ ಮಕ್ಕಳು ಕೇಳುವ ಮೊದಲನೆಯ ಪ್ರಶ್ನೆ "ಆ ಆಸ್ಪತ್ರೆಯಲ್ಲಿ ರೋಬೋಟ್ ಉಂಟೆ?" ಎಂಬುದಾಗಿದೆ. ಸಾಲ ಮಾಡಿಯಾದರೂ ಯಂತ್ರವಿರುವಲ್ಲಿಗೇ ಒಯ್ಯಬೇಕೆಂಬ ಸಂಸಾರಗಳುಂಟು. ಹಾಗೆ ಹೊರಡುವ ಮುನ್ನ ಆ ಯಂತ್ರದ ಸ್ವರೂಪವನ್ನು ವಾಚಕರು ಅರಿತಿರುವುದು ಒಳ್ಳೆಯದು.

ಚೆಕ್ ಭಾಷೆಯಲ್ಲಿ 'ರೋಬೋತ' ಎಂದರೆ ಬಿಟ್ಟಿ ದುಡಿಮೆ. ಕಾರೆಲ್ ಚಾಪೆಕ್ ಎಂಬಾತನು 1920ರಲ್ಲಿ ಪ್ರಕಟಿಸಿದ ನಾಟಕದಿಂದ 'ರೋಬೋಟ್' ಎಂಬ ಶಬ್ದವು ಲೋಕಕ್ಕೆ ಬಂದಿತು. ಆ ನಾಟಕದ ರೋಬೋಟುಗಳು ಒಡೆಯರ ಮೇಲೆ ತಿರುಗಿಬಿದ್ದವು; ಆಸ್ಪತ್ರೆಯದಾದರೋ ವೈದ್ಯನ ಅಪ್ಪಣೆಯಿಲ್ಲದೆ ಬೆರಳನ್ನೂ ಅಲ್ಲಾಡಿಸದು.

ಇವುಗಳಲ್ಲಿ ಪ್ರಸಿದ್ಧವಾದ 'ದಾ ವಿಂಚಿ' ಯಂತ್ರಕ್ಕೆ ಅಮೆರಿಕ ಸರಕಾರದ ಅನುಮತಿ ದೊರೆತದ್ದು 2000ದಲ್ಲಿ. ಆ ವರ್ಷವೇ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಅದರಿಂದ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆದರು. ಬಳಿಕ ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ಭಾರತೀಯ ಮೂಲದ ಡಾ. ಮಣಿ ಮೆನನ್ನರು ಈ ಕ್ರಮವನ್ನು ರೂಢಿಗೆ ತಂದರು. ರೋಗಿಯ ಉದರದಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಅನಿಲ ತುಂಬಿ ಉಬ್ಬಿಸಿ, ಯಂತ್ರದ ತೋಳುಗಳನ್ನು ಒಳಗಿಳಿಸುತ್ತಾರೆ. ಶಸ್ತ್ರವೈದ್ಯನು ಕೆಲವು ಅಡಿ ದೂರದಲ್ಲಿ ಕುಳಿತು, ಸುಮಾರು ಹತ್ತು ಪಟ್ಟು ದೊಡ್ಡದಾಗಿ ಕಾಣುವ ಚಿತ್ರವನ್ನು ನೋಡುತ್ತ ಹಿಡಿಗಳನ್ನು ಆಡಿಸುತ್ತಾನೆ. ಅವನ ಕೈ ನಡುಗಿದರೂ ಆ ನಡುಕವು ಒಳಗಿನ ಶಸ್ತ್ರಕ್ಕೆ ಮುಟ್ಟದು.

ಈ ಗ್ರಂಥಿಯು ಮೂತ್ರಕೋಶದ ಕೆಳಗೆ, ಎಲುಬಿನ ಹಿಂದೆ ಅಡಗಿದೆ. ಮೂತ್ರವನ್ನು ತಡೆಯುವ ಸ್ನಾಯುವೂ ದಾಂಪತ್ಯಶಕ್ತಿಗೆ ಕಾರಣವಾದ ನರಗಳೂ ಅದಕ್ಕೆ ಅಂಟಿಕೊಂಡೇ ಇವೆ. ಆ ನರಗಳನ್ನು ಉಳಿಸಿ ಗ್ರಂಥಿಯನ್ನು ತೆಗೆಯುವ ವಿಧಾನವನ್ನು ಬಾಲ್ಟಿಮೋರಿನ ಡಾ. ಪ್ಯಾಟ್ರಿಕ್ ವಾಲ್ಷರು 1982ರಲ್ಲಿ ತೋರಿಸಿಕೊಟ್ಟರು. ಆಗ ರೋಬೋಟ್ ಇರಲಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಹಾಗಾದರೆ ಯಂತ್ರದಿಂದ ಲಾಭವೆಷ್ಟು? ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ 326 ಮಂದಿ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಹಳೆಯ ಕ್ರಮದಿಂದಲೂ ಇನ್ನೊಂದಕ್ಕೆ ರೋಬೋಟಿನಿಂದಲೂ ಚಿಕಿತ್ಸೆ ಮಾಡಿ 2016ರಲ್ಲಿ ಫಲವನ್ನು ಪ್ರಕಟಿಸಿದರು. ರೋಬೋಟಿನ ಪಂಗಡದವರಿಗೆ ರಕ್ತನಷ್ಟ ಬಹಳ ಕಡಿಮೆ. ಮನೆಗೆ ಮರಳಿದ್ದೂ ಬೇಗ. ಆದರೆ ಹನ್ನೆರಡು ವಾರಗಳ ಮೇಲೆ ಮೂತ್ರದ ಹತೋಟಿಯಲ್ಲಾಗಲಿ ದಾಂಪತ್ಯಶಕ್ತಿಯಲ್ಲಾಗಲಿ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಎರಡು ವರ್ಷಗಳ ಮೇಲೂ ಹಾಗೆಯೇ. ಹಳೆಯ ಕ್ರಮದ ವೈದ್ಯರು ನುರಿತ ಕೈಯವರು. ರೋಬೋಟಿನವರ ಅನುಭವ ಅದಕ್ಕಿಂತ ಕಡಿಮೆ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸುಶ್ರುತನು ನೂರೊಂದು ಯಂತ್ರಗಳನ್ನು ಹೇಳಿ, ಅವುಗಳಲ್ಲಿ ಹಸ್ತವೇ ಪ್ರಧಾನವೆಂದನು; ಹಸ್ತವಿಲ್ಲದೆ ಉಳಿದವು ನಡೆಯವಷ್ಟೆ. ಮೂತ್ರಾಶಯದ ಕಲ್ಲನ್ನು ಕೊಯ್ದು ತೆಗೆಯುವುದನ್ನು ವಿವರಿಸಿದವನ ಮಾತಿದು. ಪ್ರಾಚೀನರು ರೋಬೋಟನ್ನೂ ಬಲ್ಲವರಾಗಿದ್ದರೆಂದು ಸಾಧಿಸುವವರ ಪಂಗಡಕ್ಕೆ ನಾನು ಸೇರಿದವನಲ್ಲ!

ಆದುದರಿಂದ ವೈದ್ಯರನ್ನು ಕೇಳಬೇಕಾದದ್ದು ಬೇರೆ: ಇಂತಹ ಶಸ್ತ್ರಕ್ರಿಯೆಯನ್ನು ತಾವೇ ಎಷ್ಟು ಮಾಡಿದ್ದೀರಿ? ವರ್ಷದ ಮೇಲೆ ಎಷ್ಟು ಮಂದಿಗೆ ಮೂತ್ರದ ಹತೋಟಿ ಮರಳಿದೆ? ನಮ್ಮವರಿಗೆ ಶಸ್ತ್ರವೇ ಬೇಕೆ, ಕಿರಣಚಿಕಿತ್ಸೆ ಸಾಲದೆ? ಬೆಳವಣಿಗೆ ನಿಧಾನವಾಗಿದ್ದರೆ ಪರೀಕ್ಷೆ ಮಾಡಿಸುತ್ತ ಕಾದು ನೋಡಬಹುದೆ?

ಯಾವ ಕ್ರಮವಾದರೂ ಕೆಲವು ದಿನ ಮೂತ್ರಕ್ಕೆ ನಳಿಕೆಯಿರುತ್ತದೆ. ಅದನ್ನು ತೆಗೆದ ಮೇಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಬಟ್ಟೆ ಒದ್ದೆಯಾಗುವುದುಂಟು. ವೃದ್ಧರು ಲಜ್ಜೆಯಿಂದ ಇದನ್ನು ಹೇಳಿಕೊಳ್ಳುವುದಿಲ್ಲ. ಮೂತ್ರವನ್ನು ತಡೆಹಿಡಿಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವ ಅಭ್ಯಾಸವನ್ನು ಶಸ್ತ್ರಕ್ರಿಯೆಗೆ ಮೊದಲೇ ವೈದ್ಯರಿಂದ ಕಲಿತುಕೊಳ್ಳಬಹುದು. ಅದಕ್ಕೆ ಖರ್ಚೇನೂ ಇಲ್ಲ.